ಫಲವಿಲ್ಲದ ಔಷಧದ ಹಿಂಸೆ

ರೋಗಿಯ ಹಿತಕ್ಕಾಗಿ ಕೊಡುವ ನೋವು ಹಿಂಸೆಯೇ? ಫಲದ ಆಶೆ ಇರುವವರೆಗೆ ಅದು ಚಿಕಿತ್ಸೆ; ಫಲಿಸದೆಂದು ತಿಳಿದ ಮೇಲೂ ಕೊಟ್ಟರೆ ಹಿಂಸೆ. ಆದುದರಿಂದ ಮೊದಲೇ ತಿಳಿಯುವ ಯತ್ನವೂ ಧರ್ಮವೇ.

ದೇಹದ ಇತರೆಡೆಗೆ ಹಬ್ಬಿದ ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ, ಗೆಡ್ಡೆಯ ತುಣುಕನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಅದರ ಮೇಲೆ ಕಿಮೊಥೆರಪಿಯ ಔಷಧಗಳನ್ನು ಪರೀಕ್ಷಿಸಿದ ನೆದರ್ಲೆಂಡ್ಸ್ ವಿಜ್ಞಾನಿಗಳು 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಇರಿನೊಟೆಕಾನ್ ಆಧಾರಿತ ಚಿಕಿತ್ಸೆ ಪಡೆದವರಲ್ಲಿ ಶೇಕಡಾ 80ಕ್ಕೂ ಹೆಚ್ಚು ಮಂದಿಯ ವಿಷಯದಲ್ಲಿ ಮುನ್ಸೂಚನೆ ಸರಿಯಾಯಿತು. ಪ್ರಯೋಜನ ಪಡೆಯಬಹುದಾಗಿದ್ದ ಯಾರನ್ನೂ ಅದು ತಪ್ಪಾಗಿ ಕೈಬಿಡಲಿಲ್ಲ. ಆದರೆ 5-ಫ್ಲೂರೊಯುರಾಸಿಲ್ ಮತ್ತು ಆಕ್ಸಾಲಿಪ್ಲಾಟಿನ್ ಜೊತೆಯಾಗಿ ಕೊಟ್ಟಲ್ಲಿ ಅದೇ ಪರೀಕ್ಷೆ ಸೋತಿತು.

ಧಾನ್ಯದ ತಕ್ಕಡಿಯಲ್ಲಿ ಚಿನ್ನ ತೂಗಬಾರದೆಂಬುದು ವ್ಯಾಪಾರಿಗಳಾದ ನಾವು ಬಲ್ಲ ಮಾತು. ಒಂದು ಔಷಧದ ವಿಷಯದಲ್ಲಿ ನಿಜವಾದುದನ್ನು ಎಲ್ಲ ಔಷಧಗಳಿಗೂ ಅನ್ವಯಿಸಿ, ರೋಗಿಗೆ ಫಲಿಸಬಹುದಾದ ಚಿಕಿತ್ಸೆಯನ್ನು ತಡೆದರೆ ಅದೂ ಹಿಂಸೆಯೇ.