ಪಥ್ಯ ಮತ್ತು ಪರಹೇಜ್

ಕಾಯಿಲೆಯವನು ಏನು ತಿನ್ನಬಾರದು, ಹೇಗಿರಬೇಕು ಎಂಬುದಕ್ಕೆ ಕನ್ನಡದಲ್ಲಿ ಪಥ್ಯ ಎನ್ನುತ್ತೇವೆ. ಉರ್ದುವಿನಲ್ಲಿ ಅದು ಪರಹೇಜ್. ಎರಡೂ ಭಾಷೆಗಳಲ್ಲಿ ಕಲಿತವರಿಗೆ ಇವು ಒಂದೇ ಅರ್ಥದ ಪದಗಳೆಂದು ತೋರುತ್ತವೆ. ಆದರೆ ಪಥ್ಯ ತಪ್ಪಿದವನಿಗೆ ಹೊಟ್ಟೆ ಕೆಡುತ್ತದೆ, ಅಷ್ಟೇ. ಉರ್ದುವಿನ ಪರಹೇಜ್‌ಗಾರ್ ಪಥ್ಯ ಮಾಡುವವನಲ್ಲ, ಪಾಪದಿಂದ ದೂರ ನಿಂತ ದೈವಭೀರು. ಹೀಗಾಗಿ ಕಾಯಿಲೆ ಬಿದ್ದವನು ಎಲ್ಲೋ ಸಂಯಮ ತಪ್ಪಿದವನಿರಬೇಕು ಎಂಬ ಗುಮಾನಿ ಆ ಭಾಷೆಯಲ್ಲಿ ಸದ್ದಿಲ್ಲದೆ ಬಂದು ಕೂರುತ್ತದೆ. ಎಚ್‌ಐವಿಯ ಮಾತು ಬಂದಾಗಲಂತೂ ಅದು ಎದ್ದು ನಿಂತು ಮಾತಾಡುತ್ತದೆ. (ಕನ್ನಡ ಮಾತಾಡುವವರಿಗೆ ಈ ಗುಮಾನಿ ಇಲ್ಲವೆಂದಲ್ಲ, ಅದಕ್ಕೆ ಕರ್ಮವೆಂಬ ಬೇರೆ ಪದವಿದೆ.)

ಪ್ರಶ್ನೆ ಇದು: ತನ್ನ ನಡತೆಯಿಂದಲೇ ರೋಗ ತಂದುಕೊಂಡನೆಂದು ನಾವು ಭಾವಿಸುವ ಮನುಷ್ಯನ ಚಿಕಿತ್ಸೆಯ ಖರ್ಚನ್ನು ಉಳಿದವರು ಏಕೆ ಹೊರಬೇಕು? ಮಸೀದಿಯ ಜಗಲಿಯಲ್ಲಿ, ಮದುವೆಯ ಊಟದ ಸಾಲಿನಲ್ಲಿ ಇದನ್ನು ಕೇಳುವವರು ಕೆಟ್ಟವರೇನಲ್ಲ. ಡಯಾಲಿಸಿಸ್‌ಗೆಂದರೆ ಅವರೇ ಮೊದಲು ಜೇಬಿಗೆ ಕೈ ಹಾಕುತ್ತಾರೆ.

ಉತ್ತರ ಹುಡುಕುವ ಮೊದಲು ಆ ಖರ್ಚು ಎಲ್ಲಿಂದ ಬಂತು ಎಂದು ನೋಡಬೇಕು. ಎಚ್‌ಐವಿಯ ಮೊದಲ ಔಷಧಿ 1987ರಲ್ಲಿ ಅಮೆರಿಕದಲ್ಲಿ ಬಂತು. 1996ರ ವೇಳೆಗೆ ಮೂರು ಔಷಧಿಗಳನ್ನು ಕೂಡಿಸಿ ಕೊಟ್ಟರೆ ಸಾಯುವವರು ಎದ್ದು ಕೂರುತ್ತಾರೆಂದು ಗೊತ್ತಾಯಿತು. ಆದರೆ ಒಬ್ಬ ರೋಗಿಗೆ ವರ್ಷಕ್ಕೆ ತಗಲುತ್ತಿದ್ದುದು 10,000 ಡಾಲರಿಗೂ ಹೆಚ್ಚು. 2001ರ ಫೆಬ್ರವರಿಯಲ್ಲಿ ಮುಂಬೈಯ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಅದೇ ಮೂರು ಔಷಧಿಗಳ ಚಿಕಿತ್ಸೆಯನ್ನು ಗಡಿಗಳಿಲ್ಲದ ವೈದ್ಯರ ಸಂಸ್ಥೆಗೆ ವರ್ಷಕ್ಕೆ 350 ಡಾಲರಿಗೆ ಕೊಡುವುದಾಗಿ ಹೇಳಿದರು. ದಿನಕ್ಕೆ ಒಂದು ಡಾಲರಿಗಿಂತಲೂ ಕಡಿಮೆ! ಇದು ಸಾಧ್ಯವಾದದ್ದು ನಮ್ಮ 1970ರ ಪೇಟೆಂಟ್ ಕಾಯ್ದೆಯಿಂದ. ಔಷಧಿ ತಯಾರಿಸುವ ವಿಧಾನಕ್ಕೆ ಮಾತ್ರ ಪೇಟೆಂಟ್, ಔಷಧಿಗೇ ಅಲ್ಲ ಎಂದು ಆ ಕಾಯ್ದೆ ಹೇಳುತ್ತಿತ್ತು. 2005ರಲ್ಲಿ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿತು.

ಹತ್ತು ಸಾವಿರ ಮತ್ತು ಮುನ್ನೂರೈವತ್ತರ ನಡುವಿನ ಆ ಕಂದಕವನ್ನು ಯಾವ ರೋಗಿಯ ನಡತೆಯೂ ತೋಡಿದ್ದಲ್ಲ. ಅದನ್ನು ತೋಡಿದ್ದು ಕಾನೂನು ಮತ್ತು ಲಾಭ. ಅದರೊಳಗೆ ಬಿದ್ದು ಸತ್ತವರ ಬಗ್ಗೆ ಮಾತಾಡುವಾಗ ನಾವು ಅವರ ಚಾರಿತ್ರ್ಯವನ್ನಷ್ಟೇ ವಿಚಾರಿಸುತ್ತೇವೆ, ಬೆಲೆ ಕಟ್ಟಿದವರ ಚಾರಿತ್ರ್ಯವನ್ನಲ್ಲ.

2004ರ ಏಪ್ರಿಲ್ 1ರಿಂದ ಸರಕಾರ ಈ ಔಷಧಿಗಳನ್ನು ಉಚಿತವಾಗಿ ಕೊಡತೊಡಗಿತು; ಮೊದಲು ಆರಂಭವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಈಗ ಹೆಚ್ಚಿನವರಿಗೆ ದಿನಕ್ಕೊಂದೇ ಮಾತ್ರೆ. ತಪ್ಪದೆ ನುಂಗಿದರೆ ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಇಳಿಯುತ್ತದೆ, ಹಾಗೆ ಇಳಿದೇ ಇದ್ದರೆ ದೈಹಿಕ ಸಂಪರ್ಕದಿಂದ ಸಂಗಾತಿಗೂ ಹರಡುವುದಿಲ್ಲ. ಹಾಗಾದರೆ ಖರ್ಚಿನ ಮಾತೇ ಮುಗಿಯಿತಲ್ಲ ಎನ್ನಬಹುದು.

ಮುಗಿಯುವುದಿಲ್ಲ. ಬೀಡಿ ಕಟ್ಟಿ ಬದುಕುವ ಒಬ್ಬ ಹೆಣ್ಣುಮಗಳನ್ನು ಊಹಿಸಿಕೊಳ್ಳಿ. ನಮ್ಮ ಕರಾವಳಿಯಲ್ಲಿ ಅಂಥವರು ಕಡಿಮೆಯಿಲ್ಲ. ಅವಳ ಗಂಡನಿಗೆ ರೋಗ ಗೊತ್ತಾದದ್ದೇ ಗಲ್ಫ್ ವೀಸಾದ ಮೆಡಿಕಲ್‌ನಲ್ಲಿ. ಎಚ್‌ಐವಿ ಇದ್ದವರಿಗೆ ಆ ದೇಶಗಳಲ್ಲಿ ಕೆಲಸದ ವೀಸಾ ಸಿಗುವುದಿಲ್ಲ. ‘ಅನ್‌ಫಿಟ್’ ಎಂಬ ಒಂದು ಪದದಲ್ಲಿ ಆರೋಗ್ಯವೂ ಸಂಪಾದನೆಯೂ ಒಟ್ಟಿಗೆ ಹೋಗುತ್ತವೆ, ವೀಸಾಕ್ಕೆಂದು ಮಾಡಿದ ಸಾಲ ಮಾತ್ರ ಉಳಿಯುತ್ತದೆ. ಈಗ ಅವಳೂ ಮಾತ್ರೆ ತರಬೇಕು. ತನ್ನ ಜಿಲ್ಲಾ ಆಸ್ಪತ್ರೆಗೆ ಹೋದರೆ ಅಲ್ಲಿ ಆಯಾ ಆಗಿರುವ ನೆರೆಮನೆಯವಳು ಕಾಣುತ್ತಾಳೆ. ಹಾಗಾಗಿ ಪಕ್ಕದ ಜಿಲ್ಲೆಗೆ ಹೋಗುತ್ತಾಳೆ. ಬಸ್ಸಿನ ಖರ್ಚು, ಒಂದು ದಿನದ ಬೀಡಿ, ಜೊತೆಗೆ ಯಾವ ನೆಂಟರ ಮನೆಗೆ ಹೋಗಿದ್ದೆ ಎಂಬ ಸುಳ್ಳು. 2023ರ ಜೂನ್‌ನಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ ನಿಜ, ಆದರೆ ಕರಾವಳಿಯ ಎಷ್ಟೋ ಊರುಗಳಿಗೆ ಓಡುವುದು ಖಾಸಗಿ ಬಸ್ಸು. ಸ್ಥಿರವಾದವರಿಗೆ ಎರಡು ಮೂರು ತಿಂಗಳ ಮಾತ್ರೆಯನ್ನು ಒಟ್ಟಿಗೆ ಕೊಡುವ ಪದ್ಧತಿ ಬಂದಿರುವುದು ದೊಡ್ಡ ಉಪಕಾರ. ಆದರೆ ಮೂರು ತಿಂಗಳ ಡಬ್ಬಿಗಳನ್ನು ಕೂಡುಕುಟುಂಬದ ಮನೆಯಲ್ಲಿ ಅಡಗಿಸಿಡುವುದು ಎಲ್ಲಿ? ಅವಳು ಮಾತ್ರೆಗಳನ್ನು ಕ್ಯಾಲ್ಸಿಯಂ ಡಬ್ಬಿಗೆ ಸುರಿದಿಡುತ್ತಾಳೆ. ಯಾರಿಗಾದರೂ ಹುಷಾರಿಲ್ಲವೆಂದರೆ ಇಯಾದತ್‌ಗೆ ಹೋಗುವುದು ನಮ್ಮಲ್ಲಿ ಕರ್ತವ್ಯ. ಈ ರೋಗಿಗೆ ಆ ಒಂದು ಭೇಟಿಯೂ ಇಲ್ಲ.

ಅಂದರೆ ಈ ರೋಗದ ಖರ್ಚಿನಲ್ಲಿ ದೊಡ್ಡ ಪಾಲು ಗುಟ್ಟಿನ ಖರ್ಚು. ಅದನ್ನು ಅವಳ ಮೇಲೆ ಹೇರಿದವರು ನಾವು. ‘ನಾವೇಕೆ ಹೊರಬೇಕು’ ಎಂದು ಕೇಳುವ ಬಾಯಿಯೇ ಅವಳ ಬಸ್ಸಿನ ಚಾರ್ಜನ್ನು ಏರಿಸುತ್ತಿದೆ.

ಇಲ್ಲಿ ಕೆಲವರು, ಹೆಂಡತಿ ಮಕ್ಕಳು ನಿರಪರಾಧಿಗಳು, ಅವರಿಗೆ ಕೊಡೋಣ ಎನ್ನುತ್ತಾರೆ. ಈ ಕನಿಕರ ನನಗೆ ಹಿಡಿಸುವುದಿಲ್ಲ. ಹೆಂಡತಿಗೆ ಕೊಡುವ ನೆಪದಲ್ಲಿ ಗಂಡನಿಗೆ ಶಿಕ್ಷೆ ಬರೆಯುವುದು ಅದರೊಳಗಿದೆ. ಹಾಗೆ ಪಡೆಯುವ ಹೆಂಡತಿ ತಾನು ನಿರಪರಾಧಿ ಎಂದು ಪ್ರತಿ ತಿಂಗಳೂ ಸಾಬೀತು ಮಾಡುತ್ತಿರಬೇಕಾಗುತ್ತದೆ. ಬೀಡಿ ಸೇದಿ ಹೃದಯ ಕೆಡಿಸಿಕೊಂಡವನ ಸ್ಟೆಂಟ್‌ಗೆ ಚಂದಾ ಎತ್ತುವಾಗ ಯಾರೂ ಅವನ ಚಟದ ಲೆಕ್ಕ ಕೇಳುವುದಿಲ್ಲ.

ಝಕಾತ್‌ಗೆ ಅರ್ಹರು ಎಂಟು ವರ್ಗದವರು. ಅವರಲ್ಲಿ ಸಾಲಗಾರನ ವಿಷಯದಲ್ಲಿ, ಸಾಲ ಪಾಪಕಾರ್ಯಕ್ಕೆ ಮಾಡಿದ್ದಾಗಿದ್ದರೆ ಕೊಡಬಹುದೇ ಎಂದು ಫಿಖ್‌ಹ್ ಪಂಡಿತರು ಚರ್ಚಿಸಿದ್ದುಂಟು. ತೌಬಾ ಮಾಡಿದ್ದರೆ ಕೊಡಬಹುದು ಎಂದವರೂ ಇದ್ದಾರೆ. ಆದರೆ ಎಲ್ಲಕ್ಕೂ ಮೊದಲು ಬರುವ ಫಕೀರ್ ಮತ್ತು ಮಿಸ್ಕೀನ್‌ನ ವಿಷಯದಲ್ಲಿ ಅಳತೆ ಅವನ ಇಲ್ಲದಿರುವಿಕೆಯೇ ಹೊರತು ಅವನು ಹೇಗೆ ಬಡವನಾದ ಎಂಬುದಲ್ಲ. ಮಾತ್ರೆಗೆಂದು ಹೊರಟು ದಿನದ ಕೂಲಿ ಕಳೆದುಕೊಂಡವನನ್ನು ನಾವು ಸಾಲಗಾರನ ಕಟಕಟೆಗೆ ಎಳೆಯುವುದು ಏಕೆ?

ಸರಕಾರವೂ ಇದಕ್ಕಿಂತ ಬಹಳ ಮುಂದೇನಿಲ್ಲ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂತು. ಕೆಲಸದಲ್ಲಿ, ವಿಮೆಯಲ್ಲಿ, ಬಾಡಿಗೆ ಮನೆಯಲ್ಲಿ ತಾರತಮ್ಯ ಮಾಡಬಾರದೆಂದಿತು. ರೋಗಿಯ ಗುಟ್ಟಿಗೂ ಕಾವಲಿಟ್ಟಿತು. ಆದರೆ ಚಿಕಿತ್ಸೆ ಒದಗಿಸುವ ಕಲಮಿನಲ್ಲಿ ‘ಸಾಧ್ಯವಾದಷ್ಟು ಮಟ್ಟಿಗೆ’ ಎಂಬ ಮಾತು ಸೇರಿಕೊಂಡಿದೆ. ಹಕ್ಕು ಖೈರಾತ್ ಆಗುವುದಕ್ಕೆ ಇಷ್ಟು ಸಾಕು. 2022ರ ಜುಲೈಯಲ್ಲಿ ಮಾತ್ರೆಗಳ ಕೊರತೆಯಾದಾಗ ಎಚ್‌ಐವಿ ಪೀಡಿತರು ದೆಹಲಿಯಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಕಚೇರಿಯಲ್ಲಿ ತಿಂಗಳಿಗೂ ಹೆಚ್ಚು ಕಾಲ ಧರಣಿ ಕೂತರು. ಗುಟ್ಟು ಕಾಯಲು ಊರು ಬದಲಿಸುವ ಜನ ಮುಖ ತೋರಿಸಿ ಬೀದಿಯಲ್ಲಿ ಕೂರುವುದೆಂದರೆ ಏನು ಎಂದು ಯೋಚಿಸಬೇಕು.

ನಮ್ಮ ಜಮಾಅತ್‌ಗಳಲ್ಲಿ ಬಡರೋಗಿಗಳಿಗೆಂದು ಒಂದು ನಿಧಿ ಇರುತ್ತದೆ. ಅದರಿಂದ ಹಣ ಬೇಕಾದರೆ ರೋಗದ ಹೆಸರು ಬರೆದ ಡಾಕ್ಟರ ಚೀಟಿ ತನ್ನಿ ಎನ್ನುತ್ತಾರೆ; ಆ ಚೀಟಿ ಐದಾರು ಜನರ ಕೈ ದಾಟುತ್ತದೆ. ಅದರ ಬದಲು ಕಮಿಟಿಯಲ್ಲಿ ಬಾಯಿ ಗಟ್ಟಿಯಿರುವ ಒಬ್ಬರಿಗೆ, ಹೆಂಗಸರಿಗಾದರೆ ಒಬ್ಬ ಹೆಂಗಸಿಗೆ, ತಿಂಗಳಿಗೆ ಇಂತಿಷ್ಟು ಎಂದು ವಹಿಸಿಬಿಡಬಹುದು. ಲೆಕ್ಕದ ಪುಸ್ತಕದಲ್ಲಿ ‘ಪ್ರಯಾಣ ವೆಚ್ಚ’ ಎಂದು ಬರೆದರಾಯಿತು; ಯಾರು, ಯಾವ ಊರಿಗೆ ಎಂದು ಬರೆಯಬೇಕಾಗಿಲ್ಲ.