ಇಂದಿನ ಧಮ್ಮ ಚಿಂತನೆ: ನೆನಪು ಬೇರೆ, ಹಗೆ ಬೇರೆ



ಕಳೆದ ಭಾನುವಾರ ಮಗಳನ್ನು ಕರೆದುಕೊಂಡು ಮಾರೇನಹಳ್ಳಿಯಿಂದ ಹಲಸೂರು ಕೆರೆಗೆ ಹೋಗಿದ್ದೆ. ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಸೈನಿಕರು ಅಲ್ಲಿ ರೋಯಿಂಗ್ ಅಭ್ಯಾಸ ಮಾಡುತ್ತಿದ್ದರು. ಅಷ್ಟು ನೀರು ನೋಡಿದಾಗ ನನಗೆ ನನ್ನಜ್ಜಿ ನೆನಪಾದಳು. ಊರ ಕೆರೆಗೆ ಇಳಿಯುವಂತಿಲ್ಲದೆ, ಯಾರಾದರೂ ಬಂದು ಬಿಂದಿಗೆಗೆ ನೀರು ಹುಯ್ಯಲಿ ಎಂದು ಏರಿಯ ಕೆಳಗೆ ಕಾಯುತ್ತಿದ್ದವಳು ಆಕೆ. ಅದನ್ನು ಹೇಳಿದೆ.

"ಅಪ್ಪಾ, ಎಲ್ಲಿಗೆ ಹೋದ್ರೂ ಅದೇ ಕಥೆನಾ? ದ್ವೇಷ ಬಿಡಬೇಕು ಅಂತ ನೀವೇ ತಾನೇ ಹೇಳ್ಕೊಡೋದು?" ಅಂದಳು ಮಗಳು.

ತಕ್ಷಣ ಉತ್ತರ ಹೊಳೆಯಲಿಲ್ಲ. ಅವಳು ಹೇಳಿದ್ದು ಸುಳ್ಳಲ್ಲ. ಆದ ಅನ್ಯಾಯವನ್ನೇ ಮೆಲುಕು ಹಾಕುವವರ ವೈರ ಆರುವುದಿಲ್ಲ ಎಂದು ಧಮ್ಮಪದದ ಯಮಕ ವಗ್ಗ ಎಚ್ಚರಿಸುತ್ತದೆ. ಆದರೆ ಎಲ್ಲವನ್ನೂ ಮರೆತರೆ ಬಾಬಾಸಾಹೇಬರ ರಥ ಎಳೆಯುವವರು ಯಾರು?

ಆಗ ದೋಣಿಗಳನ್ನು ಗಮನಿಸಿದೆ. ಹುಟ್ಟು ಹಾಕುವವರು ಗುರಿಗೆ ಬೆನ್ನು ಮಾಡಿ ಕೂತಿರುತ್ತಾರೆ. ಅವರಿಗೆ ಕಾಣುವುದು ಬಿಟ್ಟುಬಂದ ದಡ ಮಾತ್ರ. ಆ ದಡದ ಒಂದು ಮರವನ್ನೋ ಕಂಬವನ್ನೋ ಗುರುತಿಟ್ಟುಕೊಂಡರೆ ದೋಣಿ ನೇರ ಸಾಗುತ್ತದೆ. ಹಲಸೂರಿನದು ಮನುಷ್ಯರು ಕಟ್ಟಿದ ಕೆರೆ. ಸ್ವಿಟ್ಜರ್‌ಲೆಂಡಿನ ರೋಟ್ಸೇ ನಿಸರ್ಗವೇ ಕೊಟ್ಟ ಸರೋವರ. 1962ರಲ್ಲಿ ರೋಯಿಂಗ್‌ನ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು ಅಲ್ಲಿ. ನೀರು ಯಾವುದಾದರೂ ಕೂರುವ ರೀತಿ ಒಂದೇ.

ಮಹಾಡ್ ನಮಗೆ ಅಂಥ ಗುರುತು. 1924ರಲ್ಲೇ ಅಲ್ಲಿನ ಪುರಸಭೆ ಚವದಾರ್ ಕೆರೆ ಎಲ್ಲರಿಗೂ ಮುಕ್ತ ಎಂದು ನಿರ್ಣಯಿಸಿತ್ತು. ಆದರೂ ನಮ್ಮವರು ನೀರು ಮುಟ್ಟಲು 1927ರ ಮಾರ್ಚ್ 20 ಬರಬೇಕಾಯಿತು. ಮುಟ್ಟಿದ ಮೇಲೆ ಸವರ್ಣರು 108 ಮಡಕೆ ಪಂಚಗವ್ಯ ಸುರಿದು ಕೆರೆಯನ್ನು 'ಶುದ್ಧ' ಮಾಡಿದರು. ಬಾಬಾಸಾಹೇಬರು ಸೇಡಿಗೆ ಹೊರಡಲಿಲ್ಲ, ಸುಮ್ಮನೆಯೂ ಕೂರಲಿಲ್ಲ. ಹತ್ತು ವರ್ಷ ನ್ಯಾಯಾಲಯದಲ್ಲಿ ಹೋರಾಡಿದರು. 1937ರಲ್ಲಿ ಬಾಂಬೆ ಹೈಕೋರ್ಟ್ ತೀರ್ಪು ನಮ್ಮ ಪರವಾಯಿತು. ಹಿಂದಿನದನ್ನು ಅವರು ಒಂದು ದಿನವೂ ಮರೆಯಲಿಲ್ಲ. ದೋಣಿಯನ್ನು ಹಿಂದಕ್ಕೂ ತಿರುಗಿಸಲಿಲ್ಲ.

ನೆನಪಾದಾಗ ಕೈ ಹುಟ್ಟಿಗೆ ಹೋದರೆ ಅದು ನೆನಪು. ಮುಷ್ಟಿ ಬಿಗಿದರೆ ಅದು ಹಗೆ.

ಇನ್ನೊಂದು ಮಾತನ್ನು ನಾಚಿಕೆಯಿಂದಲೇ ಹೇಳುತ್ತೇನೆ. ಹೋದ ಬೇಸಿಗೆಯಲ್ಲಿ ನಮ್ಮ ಬೀದಿಯ ಪೌರಕಾರ್ಮಿಕ ತಾಯಿ ಬಾಗಿಲಲ್ಲಿ ನಿಂತು ನೀರು ಕೇಳಿದರು. ನಾನು ಒಳಗೆ ಹೋಗಿ ಹಳೆಯ ಪ್ಲಾಸ್ಟಿಕ್ ಬಾಟಲಿ ಹುಡುಕತೊಡಗಿದೆ. ಪಕ್ಕದಲ್ಲೇ ನಾವು ಕುಡಿಯುವ ಸ್ಟೀಲ್ ಲೋಟಗಳಿದ್ದವು. ಏರಿಯ ಕೆಳಗೆ ನಿಂತ ಅಜ್ಜಿ ನೆನಪಾದಳು, ಕೈ ತಡೆಯಿತು. ಲೋಟದಲ್ಲೇ ಕೊಟ್ಟೆ. ಆ ನೆನಪು ನನಗೆ ಇರದಿದ್ದರೆ, ನಾನೇ ಏರಿಯ ಮೇಲೆ ನಿಂತವನಾಗುತ್ತಿದ್ದೆ.

ಇದನ್ನು ಮಗಳಿಗೂ ಹೇಳಿದೆ. ಅವಳು ಏನೂ ಮಾತಾಡಲಿಲ್ಲ. ಬಸ್ಸಿನಲ್ಲಿ ಬರುವಾಗ, "ಅಜ್ಜಿ ಹೆಸರೇನಪ್ಪಾ?" ಎಂದು ಕೇಳಿದಳು.

*ಇಂದಿನ ಅಭ್ಯಾಸ:* ನಿಮ್ಮ ಮನೆಯ ಒಬ್ಬ ಹಿರಿಯರ ಕಷ್ಟದ ಕಥೆಯನ್ನು ಮಕ್ಕಳಿಗೆ ಹೇಳಿ. ಆ ಕಥೆ ಇವತ್ತು ನಮ್ಮಿಂದ ಯಾವ ಕೆಲಸ ಕೇಳುತ್ತಿದೆ ಎಂಬುದನ್ನೂ ಹೇಳಿ.

ಭವತು ಸಬ್ಬ ಮಂಗಲಂ 🌼
ಜೈ ಭೀಮ್ 💙