ಎಲ್ಲರನ್ನೂ ಹೊರಗೆ ಕಳುಹಿಸಿದ ಯೋಸೇಫ

ವಾಚನ: ಆದಿಕಾಂಡ 45:1–15, ಮತ್ತಾಯ 18:15–17



ಚೀನಾದಲ್ಲಿ ಹುಲುಸಾಗಿ ಬೆಳೆದ ಒಂದೆರಡು ನಿಮಿಷದ ಕಂತುಗಳ ಧಾರಾವಾಹಿ ಈಗ ನಮ್ಮ ಫೋನುಗಳಲ್ಲಿ ಕನ್ನಡವನ್ನೂ ಮಾತಾಡುತ್ತಿದೆ. ಕಥೆ ನಿಮಗೆ ಗೊತ್ತಿರುವುದೇ. ಮನೆಯವರೇ ಮೋಸಮಾಡಿ ಹೊರದಬ್ಬಿದ ಮಗಳು ವರ್ಷಗಳಾದ ಮೇಲೆ ದೊಡ್ಡ ಕಂಪನಿಯ ಒಡತಿಯಾಗಿ ಮರಳುತ್ತಾಳೆ. ತಂಗಿಯ ಮದುವೆಯ ಔತಣ. ಗೋಡೆಯ ಪರದೆಯ ಮೇಲೆ ಹಳೆಯ ವಿಡಿಯೊ ಓಡುತ್ತದೆ. ಮಲತಾಯಿಯ ಕೈಯಿಂದ ಲೋಟ ಜಾರುತ್ತದೆ. ಕ್ಯಾಮೆರಾ ನೆಂಟರ ಮುಖಗಳನ್ನು ಒಂದೊಂದಾಗಿ ತೋರಿಸುತ್ತದೆ. ಹೊಡೆಯಲು ಕೈ ಎತ್ತಿದಲ್ಲಿಗೆ ಕಂತು ಮುಗಿಯಿತು; ಮುಂದಿನದು ಬೇಕಾದರೆ ದುಡ್ಡು ಕಟ್ಟಬೇಕು.

ನೋಡಿದ್ದೇ ಪಾಪ ಎಂದು ನಾನು ಹೇಳುವುದಿಲ್ಲ. ನೊಂದವರಿಗೆ ನ್ಯಾಯ ಸಿಗಲಿ ಎಂಬ ಹಸಿವನ್ನು ದೇವರೇ ನಮ್ಮಲ್ಲಿಟ್ಟಿದ್ದಾನೆ. ಆದರೆ ಆ ಹಸಿವಿಗೆ ಇಲ್ಲಿ ಬಡಿಸುವುದು ಇನ್ನೊಬ್ಬರ ಮಾನ.

ಯೋಸೇಫನನ್ನು ನೋಡಿ. ಹದಿನೇಳರ ಹುಡುಗನನ್ನು ಒಡಹುಟ್ಟಿದವರೇ 20 ಬೆಳ್ಳಿ ನಾಣ್ಯಕ್ಕೆ ಮಾರಿದರು. ಅವನ ಅಂಗಿಯನ್ನು ಹೋತದ ರಕ್ತದಲ್ಲಿ ಅದ್ದಿ ಅಪ್ಪನ ಮುಂದಿಟ್ಟರು. ಇಪ್ಪತ್ತು ವರ್ಷ ಕಳೆದ ಮೇಲೆ ಅದೇ ಅಣ್ಣಂದಿರು ಕಾಳಿಗಾಗಿ ಅವನ ಕಾಲಿಗೆ ಬಿದ್ದಿದ್ದಾರೆ. ಈಗ ಐಗುಪ್ತದ ಅಧಿಕಾರ ಅವನ ಕೈಯಲ್ಲಿದೆ, ಸುತ್ತ ಅಲ್ಲಿಯವರು ನಿಂತಿದ್ದಾರೆ. ಸೇಡಿಗೆ ಇದಕ್ಕಿಂತ ಒಳ್ಳೆಯ ವೇದಿಕೆ ಬೇಕೆ? ಯೋಸೇಫನು ಮೊದಲು ಮಾಡಿದ್ದು ಇಷ್ಟೇ: ಎಲ್ಲರನ್ನೂ ಹೊರಗೆ ಕಳುಹಿಸಿದ. ತಾನು ಯಾರೆಂದು ಹೇಳಿದ್ದು ಆಮೇಲೆ.

ಅವನು ಸತ್ಯವನ್ನು ನುಂಗಿಕೊಳ್ಳಲಿಲ್ಲ. ನೀವು ಮಾರಿದ ತಮ್ಮ ನಾನೇ ಎಂದು ಮುಖಕ್ಕೇ ಹೇಳಿದ. ಕಣ್ಣುಮುಚ್ಚಿ ನಂಬಲೂ ಇಲ್ಲ. ಬೆನ್ಯಾಮೀನನ ಚೀಲದಲ್ಲಿ ಬೆಳ್ಳಿಯ ಪಾತ್ರೆ ಇಡಿಸಿ, ಇನ್ನೊಬ್ಬ ತಮ್ಮನನ್ನೂ ಇವರು ಕೈಬಿಡುತ್ತಾರೆಯೇ ಎಂದು ಪರೀಕ್ಷಿಸಿದ್ದ. ಅಂದು ‘ಮಾರೋಣ’ ಎಂದಿದ್ದ ಅಣ್ಣ ಯೆಹೂದನೇ ಇಂದು ತಮ್ಮನ ಬದಲು ತಾನು ದಾಸನಾಗುತ್ತೇನೆಂದು ಮುಂದೆ ಬಂದ. ಬಾಗಿಲಾಚೆ ಕೇಳಿಸಿದ್ದು ಯೋಸೇಫನ ಅಳು. ಐಗುಪ್ತದ ಅರಸ ಫರೋಹನ ಅರಮನೆಗೆ ಮುಟ್ಟಿದ ಸುದ್ದಿ, ಅಣ್ಣತಮ್ಮಂದಿರು ಬಂದಿದ್ದಾರೆ ಎಂಬುದು. ಅವರೇನು ಮಾಡಿದ್ದರು ಎಂಬುದಲ್ಲ.

ಧಾರಾವಾಹಿ ಗುಟ್ಟು ರಟ್ಟಾದಲ್ಲಿ ಮುಗಿಯುತ್ತದೆ. ಸಂಸಾರ ಮುಗಿಯುವುದಿಲ್ಲ. ಆ ಭೇಟಿಯಾಗಿ ಸುಮಾರು 17 ವರ್ಷದ ಮೇಲೆ ಅಪ್ಪ ಯಾಕೋಬ ತೀರಿಕೊಂಡಾಗ ಅಣ್ಣಂದಿರಿಗೆ ಮತ್ತೆ ಭಯ: ಅಪ್ಪನಿಲ್ಲ, ಈಗ ಸೇಡು ತೀರಿಸುತ್ತಾನೆ ಎಂದು. ಯೋಸೇಫ ಮತ್ತೆ ಅತ್ತ, ಮತ್ತೆ ಧೈರ್ಯ ಹೇಳಿದ, ನಿಮ್ಮ ಮಕ್ಕಳನ್ನೂ ಸಾಕುತ್ತೇನೆಂದ. ಕ್ಷಮೆಯನ್ನು ಎರಡನೆಯ ಸಲವೂ ಕೊಡಬೇಕಾಗುತ್ತದೆ.

ಯೇಸುಸ್ವಾಮಿ ಕಲಿಸಿದ ಕ್ರಮವೂ ಇದೇ. ತಪ್ಪುಮಾಡಿದ ಸಹೋದರನ ಬಳಿ ಮೊದಲು ಒಬ್ಬನೇ ಹೋಗು; ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು; ಸಭೆಗೆ ತಿಳಿಸುವುದು ಆಮೇಲೆ. ಮನೆಯೊಳಗೆ ಹೊಡೆತ ಬಡಿತ ನಡೆದಿದ್ದರೆ, ಮಗುವಿಗೆ ಕೇಡಾಗಿದ್ದರೆ, ಈ ಮಾತನ್ನು ಯಾರ ಬಾಯಿ ಮುಚ್ಚಿಸಲೂ ಬಳಸಬೇಡಿ. ಅಲ್ಲಿ ಠಾಣೆಯ ಮೆಟ್ಟಿಲು ಹತ್ತುವುದು ಸೇಡಲ್ಲ, ಅದು ರಕ್ಷಣೆ.

ಉಳಿದ ಜಗಳಗಳು ನಮಗೆ ಗೊತ್ತು: ಆಸ್ತಿ ಪಾಲು, ಅಮ್ಮನ ಒಡವೆ, ತೀರಿಸದ ಸಾಲ. ಫ್ಯಾಮಿಲಿ ಗ್ರೂಪಿಗೆ ಸ್ಕ್ರೀನ್‌ಶಾಟ್ ಹಾಕಲು ಬೆರಳು ಹೋದಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಅಣ್ಣ ತಿದ್ದಿಕೊಳ್ಳಲಿ ಎಂದೋ, ನೆಂಟರು ನೋಡಲಿ ಎಂದೋ? ತಿದ್ದಿಕೊಳ್ಳಲಿ ಎಂದಾದರೆ ಈ ವಾರವೇ ಅವನೊಬ್ಬನಿಗೇ ಫೋನ್ ಮಾಡಿ.

ಸತ್ಯ ಹೇಳುವ ಧೈರ್ಯವನ್ನೂ ಹೇಳುವ ಜಾಗವನ್ನು ಆರಿಸುವ ವಿವೇಕವನ್ನೂ ಕರ್ತನು ನಮಗೆ ಕೊಡಲಿ. ಆಮೆನ್.